ಉಳಿದ ಹತ್ತು ನಿಮಿಷ

ದಾವಣಗೆರೆಯ ಓದುಗರೊಬ್ಬರು ಬರೆಯುತ್ತಾರೆ: "ನನಗೀಗ ನಲವತ್ತೆರಡು. ಎಂಜಿನಿಯರಿಂಗ್ ಓದುವಾಗ ಹಾಸ್ಟೆಲಿನಲ್ಲಿ ಆರು ಜನ ದುಡ್ಡು ಹಾಕಿ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಎಂಟು ಪೋರ್ಟಿನ ಒಂದು ನೆಟ್‌ವರ್ಕ್ ಸ್ವಿಚ್ ತಂದಿದ್ದೆವು. ಕಾರಿಡಾರಿನಲ್ಲಿ ಕೇಬಲ್ ಎಳೆದು ರಾತ್ರಿಯೆಲ್ಲ ಕೌಂಟರ್ ಸ್ಟ್ರೈಕ್ ಎಂಬ ಗುಂಡಿನ ಕಾಳಗದ ಆಟ ಆಡುತ್ತಿದ್ದೆವು. ಕೊನೆಯ ಸೆಮಿಸ್ಟರಿನ ಕೊನೆಯ ರಾತ್ರಿ, ಎರಡೂ ಕಡೆ ಒಬ್ಬೊಬ್ಬನೇ ಉಳಿದಿದ್ದಾಗ ಕರೆಂಟು ಹೋಯಿತು. ಬರುವವರೆಗೂ ಕತ್ತಲಲ್ಲೇ ಕೂತಿದ್ದು ಮತ್ತೆ ಆಡಿದೆವು. ಈಗ ನನ್ನ ಹದಿನಾಲ್ಕು ವರ್ಷದ ಮಗ ಬಾಗಿಲು ಹಾಕಿಕೊಂಡು, ಹೆಡ್‌ಫೋನ್ ಏರಿಸಿಕೊಂಡು ಆಡುತ್ತಾನೆ. ಫ್ರೆಂಡ್ಸನ್ನು ಮನೆಗೆ ಕರಿಯೋ ಅಂದರೆ, 'ಅಪ್ಪಾ, ನಾವು ಒಟ್ಟಿಗೇ ಆಡ್ತಾ ಇದೀವಲ್ಲ' ಅನ್ನುತ್ತಾನೆ. ಆ ಸ್ವಿಚ್ ಇನ್ನೂ ಅಟ್ಟದ ಮೇಲಿದೆ. ನಾನು ಸುಮ್ನೆ ಹಳೇ ಕಾಲ ಹೊಗಳುತ್ತಿದ್ದೇನಾ, ಇಲ್ಲಾ ನಿಜವಾಗಿಯೂ ಏನೋ ಕಳೆದಿದೆಯಾ?"

ಕಳೆದಿದೆ ಸ್ವಾಮಿ. ಈ ಸಲ ರಸ್ತೆ ಗುಂಡಿಯ ಮೇಲೆ ನಾಲ್ಕು ಪತ್ರ ಬಂದಿವೆ, ನಮ್ಮ ಪದಬಂಧದ ತಪ್ಪಿನ ಮೇಲೆ ಒಂಬತ್ತು. ಅವರೆಲ್ಲರ ಕ್ಷಮೆ ಕೇಳಿ, ಇಡೀ ಪುಟವನ್ನು ನಿಮಗೇ ಕೊಡುತ್ತಿದ್ದೇನೆ.

ಮೊದಲು ನಿಮ್ಮ ಮಗನ ಮಾತು. ಅವನು ಹೇಳುವುದರಲ್ಲಿ ಹುರುಳಿದೆ. ಅವನ ತಂಡದಲ್ಲಿ ಹುಬ್ಬಳ್ಳಿಯವನೊಬ್ಬ, ಪುಣೆಯವನೊಬ್ಬ ಇದ್ದಾರು. ಊರು ಬಿಟ್ಟ ಗೆಳೆಯನ ಜೊತೆ ಈಗಲೂ ಆಡಬಹುದು. ಇನ್ನೊಂದನ್ನೂ ಒಪ್ಪಬೇಕು. ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಕಂಪ್ಯೂಟರ್ ಆಟ ಆಡುತ್ತಿದ್ದ ನಮ್ಮೂರುಗಳ ಆ ಗೇಮಿಂಗ್ ಅಂಗಡಿಗಳಲ್ಲಿ ಹುಡುಗಿಯರನ್ನು ನಾನು ಕಂಡದ್ದೇ ಇಲ್ಲ. ಕಿರಿದಾದ ಮೆಟ್ಟಿಲು, ಬೆವರಿನ ವಾಸನೆ, ಬೈಗುಳ. ಯಾವ ಅಮ್ಮ ಮಗಳನ್ನು ಕಳಿಸುತ್ತಿದ್ದಳು? ಇಂದು ಆ ಮಗಳೂ ಮನೆಯಲ್ಲೇ ಕೂತು ಆಡುತ್ತಾಳೆ. ಅಷ್ಟು ಒಪ್ಪಿದೆ. ಇನ್ನು ನನ್ನ ಪಾಳಿ.

2002ರ ಸುಮಾರಿಗೆ ಬೆಂಗಳೂರಿನಲ್ಲಿ ನನ್ನ ಬಾಡಿಗೆ ರೂಮಿನ ಕೆಳಗೇ ಅಂಥದೊಂದು ಅಂಗಡಿ ಇತ್ತು. ಎಂಟು ಕಂಪ್ಯೂಟರು. ಯಾವಾಗ ಹೋದರೂ ಹದಿನೈದು ಹುಡುಗರು. ರಜೆಗೆ ಬಂದಿದ್ದ ಅಕ್ಕನ ಮಗನನ್ನು ಊಟಕ್ಕೆ ಎಳೆದು ತರಲು ನಾನು ದಿನಾ ಇಳಿದು ಹೋಗುತ್ತಿದ್ದೆ. "ಮಾಮಾ, ಇನ್ನೊಂದೇ ರೌಂಡು" ಅನ್ನುತ್ತಿದ್ದ. ನಾನು ಕುರ್ಚಿ ಹಿಂದೆ ನಿಂತುಕೊಳ್ಳುತ್ತಿದ್ದೆ. ಮೂರನೇ ದಿನಕ್ಕೆ ನನಗೂ ನಕ್ಷೆ ಬಾಯಿಪಾಠವಾಯಿತು. "ಎಡಗಡೆ ನೋಡೋ, ಡಬ್ಬದ ಹಿಂದೆ ಇದಾನೆ" ಎಂದು ನಾನೇ ಕೂಗಿದೆ. ಅನ್ನ ಆರಿತು.

ಅಲ್ಲೊಬ್ಬ ಹುಡುಗ ಬರುತ್ತಿದ್ದ. ಜೇಬಿನಲ್ಲಿ ಕಾಸಿಲ್ಲ. ದಿನಾ ಬಂದು ನಿಲ್ಲುತ್ತಿದ್ದ, ಅಷ್ಟೇ. ಎಂಟು ಪರದೆಯನ್ನೂ ನೋಡಿ ನೋಡಿ, ಆಡುವವರಿಗಿಂತ ಜಾಸ್ತಿ ಕಲಿತಿದ್ದ. ಯಾರಾದರೂ ತಪ್ಪು ಮಾಡಿದರೆ ಮೆಲ್ಲಗೆ "ತ್ಚು" ಅನ್ನುತ್ತಿದ್ದ. ಆ ಅಂಗಡಿಯಲ್ಲಿ ಎಲ್ಲರೂ ಹೆದರುತ್ತಿದ್ದದ್ದು ಆ "ತ್ಚು"ಗೆ. ಯಾರಿಗಾದರೂ ಮನೆಯಿಂದ ಕರೆ ಬಂದು ಗಂಟೆ ಮುಗಿಯುವ ಮೊದಲೇ ಎದ್ದರೆ, ಲೆಕ್ಕದಲ್ಲಿ ಹತ್ತು ನಿಮಿಷ ಉಳಿದಿರುತ್ತಿತ್ತು. "ಬಾರೋ, ಕೂತ್ಕೋ." ಆ ಹತ್ತು ನಿಮಿಷ ಅವನದು. ಅಂಗಡಿಯವನೂ ಏನೂ ಅನ್ನುತ್ತಿರಲಿಲ್ಲ. ಅವನು ಕೂತರೆ ಉಳಿದ ಏಳು ಜನರ ಬೆನ್ನು ನೆಟ್ಟಗಾಗುತ್ತಿತ್ತು.

ನಿಮ್ಮ ಮಗನ ಆಟದಲ್ಲಿ ಆ ಕಾಸಿಲ್ಲದ ಹುಡುಗ ಎಲ್ಲಿ ನಿಲ್ಲುತ್ತಾನೆ? ನೋಡುವವರು ಈಗ ಇಲ್ಲವೇ ಎಂದು ಕೇಳಬೇಡಿ. ಇದ್ದಾರೆ, ಯೂಟ್ಯೂಬಿನಲ್ಲಿ ಲಕ್ಷಗಟ್ಟಲೆ. ಅವರಿಗೆ ಯಾರೂ ಎದ್ದು ಕುರ್ಚಿ ಬಿಟ್ಟುಕೊಡುವುದಿಲ್ಲ. ಹಿಂದೆ ಜಗಲಿಯ ಮೇಲೆ ಚೌಕಾಬಾರ ಆಡುವಾಗ ಆಡುವವರು ನಾಲ್ಕು ಜನ, ಕಾಯಿ ನಡೆಸುವ ಉಪದೇಶ ಕೊಡುವವರು ಎಂಟು ಜನ ಇರುತ್ತಿದ್ದರು. ಮಧ್ಯೆ ಅಜ್ಜಿ ಎದ್ದು ಒಳಗೆ ಹೋದರೆ ಅವರ ಕವಡೆ ಮೊಮ್ಮಗಳ ಕೈಗೆ. ಅದೇ ಇದು.

ಈ ಹುಚ್ಚು ನಿಮ್ಮ ಹಾಸ್ಟೆಲಿನಲ್ಲಿ ಹುಟ್ಟಿದ್ದಲ್ಲ, ಗೊತ್ತಿರಲಿ. 1993ರ ಡಿಸೆಂಬರಿನಲ್ಲಿ 'ಡೂಮ್' ಎಂಬ ಕಂಪ್ಯೂಟರ್ ಆಟ ಬಂತು. ಒಂದೇ ನೆಟ್‌ವರ್ಕಿನಲ್ಲಿ ನಾಲ್ಕು ಜನ ಒಬ್ಬರನ್ನೊಬ್ಬರು ಬೆನ್ನಟ್ಟಬಹುದಿತ್ತು. ಮೊದಲ ಆವೃತ್ತಿ ಎಷ್ಟು ಒರಟಾಗಿತ್ತೆಂದರೆ, ಆಡುವವರಿಗೆ ಮಾತ್ರ ಹೋಗಬೇಕಾದ ಸಂದೇಶವನ್ನು ನೆಟ್‌ವರ್ಕಿನ ಎಲ್ಲ ಕಂಪ್ಯೂಟರಿಗೂ ಎರಚುತ್ತಿತ್ತು. ಲ್ಯಾಬಿನಲ್ಲಿ ನಾಲ್ವರು ಆಡಿದರೆ ಕಾಲೇಜಿನ ಕೆಲಸವೆಲ್ಲ ತೆವಳುತ್ತಿತ್ತು. ಅಮೆರಿಕದ ಎಷ್ಟೋ ಕಾಲೇಜು, ಕಚೇರಿಗಳು ಅದನ್ನು ನಿಷೇಧಿಸಿದವು. ಹುಡುಗರು ತಮ್ಮದೇ ಕೇಬಲ್ ತಂದರು. ಆಗಿನ ಕೇಬಲ್ಲು ಟಿವಿ ವೈರಿನಂತೆ ದುಂಡಗೆ, ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸರಪಳಿಯ ಹಾಗೆ ಹೋಗುತ್ತಿತ್ತು. ಎರಡೂ ತುದಿಗೆ 50 ಓಮ್‌ನ ಒಂದು ಪುಟ್ಟ ಮುಚ್ಚಳ. ನಡುವೆ ಒಬ್ಬನ ಕಾಲು ತಾಗಿ ವೈರು ಕಳಚಿತೋ, ಎಲ್ಲರ ಆಟವೂ ಢಮಾರ್. ಆಮೇಲೆ ಅಷ್ಟೂ ಜನ ಮೇಜಿನ ಕೆಳಗೆ ನುಸುಳಿ ಹುಡುಕಬೇಕು.

1996ರಲ್ಲಿ 'ಕ್ವೇಕ್' ಎಂಬ ಆಟ ಬಂದ ವರ್ಷವೇ ಅದರ ಅಭಿಮಾನಿಗಳು ಟೆಕ್ಸಾಸಿನ ಗಾರ್ಲೆಂಡ್ ಎಂಬಲ್ಲಿ ಒಂದು ಹೋಟೆಲಿಗೆ ಕಂಪ್ಯೂಟರ್ ಹೊತ್ತು ತಂದು ಆಡಿದರು. ಕ್ವೇಕ್‌ಕಾನ್ ಎಂಬ ಗೇಮಿಂಗ್ ಮೇಳ ಹುಟ್ಟಿದ್ದು ಹಾಗೆ. ಸ್ವೀಡನ್ನಿನ ಮಾಲುಂಗ್ ಎಂಬ ಚಿಕ್ಕ ಊರಿನ ಶಾಲೆಯಲ್ಲಿ ಒಂದಿಷ್ಟು ಗೆಳೆಯರು ಸೇರುತ್ತಿದ್ದರು. ಅದೇ ಮುಂದೆ ಡ್ರೀಮ್‌ಹ್ಯಾಕ್ ಎಂಬ ಮೇಳವಾಗಿ, ಯೋನ್‌ಶೋಪಿಂಗ್‌ನ ಒಂದು ದೊಡ್ಡ ಸಭಾಂಗಣದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಕಂಪ್ಯೂಟರುಗಳ ಸಂತೆಯಾಯಿತು. ಮೇಜಿನ ಕೆಳಗೆ ಮಲಗುವ ಚೀಲ ಹಾಸಿಕೊಂಡು ಹುಡುಗರು ಅಲ್ಲೇ ನಿದ್ದೆ ಮಾಡುತ್ತಿದ್ದರು. ಈ ಕಾಲದ ಒಂದು ಪ್ರಸಿದ್ಧ ಫೋಟೋ ಇದೆ. ಒಬ್ಬನನ್ನು ಛಾವಣಿಗೆ ಟೇಪ್ ಸುತ್ತಿ ಅಂಟಿಸಿ, ಅಲ್ಲಿಂದಲೇ ಆಡಿಸುತ್ತಿದ್ದಾರೆ. ಆ ಫೋಟೋ ನನ್ನ ಮೇಜಿನ ಮೇಲಿದೆ. ಬೇಜಾರಾದಾಗ ನೋಡುತ್ತೇನೆ.

ಇಷ್ಟೆಲ್ಲ ಹೊರುವುದು ಯಾಕೆ ಬೇಕಿತ್ತು? ಆಗಿನ ಟೆಲಿಫೋನ್ ಇಂಟರ್ನೆಟ್ಟಿನಲ್ಲಿ ಗುಂಡು ಹಾರಿಸಿದರೆ ಅದು ಎದುರಾಳಿಗೆ ತಗುಲುವಷ್ಟರಲ್ಲಿ ಅವನು ಟೀ ಕುಡಿದು ಬರಬಹುದಿತ್ತು. ಒಂದೇ ಕೋಣೆಯ ವೈರಿನಲ್ಲಿ ಆ ತಡವೇ ಇಲ್ಲ. ಬ್ರಾಡ್‌ಬ್ಯಾಂಡ್ ಬಂದಿತು, ಆ ಕಾರಣ ಹೋಯಿತು, ಜನ ಮನೆ ಸೇರಿದರು. ಎಲ್ಲರೂ ಹೇಳುವ ಕತೆ ಇದು. ಅರ್ಧ ನಿಜ.

ಇನ್ನರ್ಧವನ್ನು ಯಾರೂ ಹೇಳುವುದಿಲ್ಲ ಎಂದು ನನಗೆ ಸಿಟ್ಟು. ಜನ ಎದ್ದು ಹೋದರು ಅನ್ನುತ್ತೇವೆ, ಬಾಗಿಲಿಗೆ ಬೀಗ ಹಾಕಿದ್ದನ್ನು ಮರೆಯುತ್ತೇವೆ. 1998ರ 'ಸ್ಟಾರ್‌ಕ್ರಾಫ್ಟ್' ಆಟ ನೆನಪಿದೆಯಾ? ಒಬ್ಬ ಸಿಡಿ ಕೊಂಡರೆ, ಅದರಿಂದಲೇ ಗೆಳೆಯರ ಕಂಪ್ಯೂಟರಿಗೂ ಒಂದು ಪ್ರತಿ ಹಾಕಿಕೊಂಡು ಒಟ್ಟಿಗೆ ಆಡಬಹುದಿತ್ತು. ಕಳ್ಳತನವಲ್ಲ, ಕಂಪನಿಯೇ ಕೊಟ್ಟಿದ್ದ ಅವಕಾಶ. 2010ರಲ್ಲಿ ಎರಡನೇ ಭಾಗ ಬಂದಾಗ, ಲ್ಯಾನಿನಲ್ಲಿ, ಅಂದರೆ ಒಂದೇ ಕೋಣೆಯ ವೈರಿನಲ್ಲಿ, ಆಡುವ ಸೌಲಭ್ಯವನ್ನೇ ಕಿತ್ತು ಹಾಕಿದ್ದರು. ಪಕ್ಕದಲ್ಲಿ ಕೂತ ಗೆಳೆಯನ ಜೊತೆ ಆಡಬೇಕಾದರೂ ಕಂಪನಿಯ ಸರ್ವರಿಗೆ ಹೋಗಿ ಬರಬೇಕು. ಅಭಿಮಾನಿಗಳು ಅರ್ಜಿಗೆ ಸಹಿ ಹಾಕಿದರು. ಏನೂ ಆಗಲಿಲ್ಲ. ದೊಡ್ಡ ಪಂದ್ಯಗಳಲ್ಲೇ ಇಂಟರ್ನೆಟ್ ಕೈಕೊಟ್ಟು ಆಟ ಅರ್ಧಕ್ಕೆ ನಿಂತದ್ದುಂಟು. 'ಹೇಲೋ' ಎಂಬ ಆಟದಲ್ಲಿ ಒಂದೇ ಟಿವಿಯನ್ನು ನಾಲ್ಕು ಪಾಲು ಮಾಡಿ ನಾಲ್ವರು ಆಡುತ್ತಿದ್ದರು. 2015ರಲ್ಲಿ ಬಂದ ಐದನೆಯದರಲ್ಲಿ ಆ ಪಾಲೇ ಇಲ್ಲ. ಒಂದು ಸೋಫಾ, ನಾಲ್ಕು ಜನ, ಒಂದು ಆಟ. ನಾಲ್ಕು ಮನೆ, ನಾಲ್ಕು ಯಂತ್ರ, ನಾಲ್ಕು ಪ್ರತಿ. ಯಾವುದರಲ್ಲಿ ಲಾಭ ಜಾಸ್ತಿ ಎಂದು ಲೆಕ್ಕ ಹಾಕಲು ಎಂಜಿನಿಯರಿಂಗ್ ಬೇಕಾಗಿಲ್ಲ.

ತಮಾಷೆ ನೋಡಿ. ದುಡ್ಡು ದೊಡ್ಡದಾದ ಕೂಡಲೇ ಅವರಿಗೂ ಒಂದೇ ಕೋಣೆ ನೆನಪಾಗುತ್ತದೆ. ಕೌಂಟರ್ ಸ್ಟ್ರೈಕಿನ ಮೊದಲ 'ಮೇಜರ್', ಅಂದರೆ ಅತಿ ದೊಡ್ಡ ದರ್ಜೆಯ, ಪಂದ್ಯಾವಳಿ 2013ರಲ್ಲಿ ನಡೆದದ್ದು ಅದೇ ಯೋನ್‌ಶೋಪಿಂಗ್‌ನಲ್ಲಿ, ಎರಡೂವರೆ ಲಕ್ಷ ಡಾಲರ್ ಬಹುಮಾನಕ್ಕೆ. ಇವತ್ತಿಗೂ ಆ ಮಟ್ಟದ ಫೈನಲ್ ಎಂದರೆ ಆಟಗಾರರು ಒಂದೇ ವೇದಿಕೆಯಲ್ಲಿ, ಎದುರಿಗೆ ಕೂಗುವ ಜನ. ದಕ್ಷಿಣ ಕೊರಿಯಾದಲ್ಲಿ 1997ರ ಆರ್ಥಿಕ ಕುಸಿತದ ನಂತರ ಬೀದಿಬೀದಿಗೆ ಹುಟ್ಟಿದ 'ಪಿಸಿ ಬಾಂಗ್' ಎಂಬ ಗೇಮಿಂಗ್ ಅಂಗಡಿಗಳು ಇನ್ನೂ ಇವೆ. ಅಲ್ಲಿ ಮನೆಯ ಇಂಟರ್ನೆಟ್ಟೂ ಭರ್ಜರಿ ವೇಗದ್ದೇ. ಆದರೂ ಜನ ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋಗಿ, ಬಿಸಿ ಬಿಸಿ ನೂಡಲ್ಸ್ ತರಿಸಿಕೊಂಡು, ಪಕ್ಕಪಕ್ಕ ಕೂತು ಆಡುತ್ತಾರೆ. 2021ರಲ್ಲಿ 'ಇಟ್ ಟೇಕ್ಸ್ ಟೂ' ಎಂಬ ಆಟಕ್ಕೆ ಆ ವರ್ಷದ ಶ್ರೇಷ್ಠ ಆಟ ಎಂಬ ದೊಡ್ಡ ಪ್ರಶಸ್ತಿಯೇ ಬಂತು. ಒಬ್ಬರೇ ಆಡಲು ಅದರಲ್ಲಿ ದಾರಿಯೇ ಇಲ್ಲ. ಇಬ್ಬರು ಬೇಕೇ ಬೇಕು. ಡ್ರೀಮ್‌ಹ್ಯಾಕ್ ನಮ್ಮ ಪಕ್ಕದ ಹೈದರಾಬಾದಿಗೂ 2022ರಲ್ಲಿ ಬಂದಿತ್ತು. ಹಸಿವು ಹೋಗಿಲ್ಲ, ಅಡುಗೆಮನೆ ಮುಚ್ಚಿದ್ದಾರೆ.

ಬೀಗದ ಮಾತು ಬಂದ ಮೇಲೆ ಇದನ್ನೂ ಹೇಳಿಬಿಡುತ್ತೇನೆ. 'ದಿ ಕ್ರೂ' ಎಂಬ ಕಾರ್ ರೇಸಿನ ಆಟ 2014ರಲ್ಲಿ ಬಂತು. 2024ರ ಮಾರ್ಚ್ ಕೊನೆಗೆ ಕಂಪನಿ ಅದರ ಸರ್ವರ್ ಮುಚ್ಚಿತು. ದುಡ್ಡು ಕೊಟ್ಟು ಕೊಂಡವರು ಒಬ್ಬರೇ ಕೂತು ಆಡಲಿಕ್ಕೂ ಆಗದಂತಾಯಿತು. ಯುರೋಪಿನಲ್ಲಿ ಇದರ ವಿರುದ್ಧ ಹತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದ್ದಾರೆ. ನಿಮ್ಮ ಹಾಸ್ಟೆಲಿನ ಆ ಹಳೆಯ ಆಟವನ್ನು ಇವತ್ತೂ ಎರಡು ಕಂಪ್ಯೂಟರಿಗೆ ಹಾಕಿ, ನಡುವೆ ಒಂದು ವೈರು ಕೊಟ್ಟರೆ ಸಾಕು, ನಡೆಯುತ್ತದೆ. ಯಾರ ಅಪ್ಪಣೆಯೂ ಬೇಡ. ಈಗ ಹಾಡು ಬಾಡಿಗೆಗೆ, ಸಿನಿಮಾ ಬಾಡಿಗೆಗೆ, ಪುಸ್ತಕವೂ ಬಾಡಿಗೆಗೆ. ತಿಂಗಳ ದುಡ್ಡು ನಿಲ್ಲಿಸಿದರೆ ಕಪಾಟು ಖಾಲಿ. ಹೊಸ ಮನೆಗಳಲ್ಲಿ ಜಗಲಿಯೂ ಇಲ್ಲ. ಆ ಜಾಗಕ್ಕೆ ಕಾರು ಬಂದು ನಿಂತಿದೆ. ನನ್ನ ಅಪಾರ್ಟ್‌ಮೆಂಟಿನಲ್ಲಿ ಮಕ್ಕಳು ಕ್ಯಾರಂ ಆಡುತ್ತಾ ಜೋರಾಗಿ ನಕ್ಕರೆಂದು ಸಂಘದವರು ಬೋರ್ಡನ್ನೇ ಎತ್ತಿಟ್ಟರು. ಆ ಸಂಘದ ಸಭೆಯಲ್ಲಿ ನಾನು ಆಡಿದ ಮಾತುಗಳನ್ನು ಇಲ್ಲಿ ಅಚ್ಚು ಹಾಕಲಾಗದು.

ಈಗ ನಿಮ್ಮನ್ನು ಸ್ವಲ್ಪ ಬೈಯಬೇಕು, ಬೇಜಾರು ಮಾಡಿಕೊಳ್ಳಬೇಡಿ. ಮೂರು ಪುಟದ ಪತ್ರದಲ್ಲಿ ಆ ಐದು ಗೆಳೆಯರನ್ನು ಹೊಗಳಿದ್ದೀರಿ. ಅವರನ್ನು ಕೊನೆಯ ಸಲ ಕಂಡದ್ದು ಆರು ವರ್ಷದ ಹಿಂದೆ, ಯಾರದೋ ಮದುವೆಯಲ್ಲಿ ಎಂದು ಕೊನೆಯಲ್ಲಿ ಮೆಲ್ಲಗೆ ಸೇರಿಸಿದ್ದೀರಿ. ಅವರಲ್ಲಿ ಇಬ್ಬರು ದಾವಣಗೆರೆಯಲ್ಲೇ ಇದ್ದಾರಂತೆ! ವಾಟ್ಸ್ಆ್ಯಪ್ ಗುಂಪಿನಲ್ಲಿ ದಿನಾ ಗುಡ್ ಮಾರ್ನಿಂಗ್ ಹಾಕುತ್ತಾರಂತೆ. ನಿಮ್ಮ ಮಗನಾದರೂ ತನ್ನ ಗೆಳೆಯರ ಜೊತೆ ದಿನಕ್ಕೆ ಎರಡು ಗಂಟೆ ಕಿರುಚಾಡುತ್ತಾನಲ್ಲ ಮಾರಾಯರೇ.

ಆ ಸ್ವಿಚ್ ಇಳಿಸಿ. ಧೂಳು ಒರೆಸಿ. ಅದರ ಅಡಾಪ್ಟರ್ ಕೆಟ್ಟಿರುತ್ತದೆ, ಹೊಸದು ತನ್ನಿ. ಆ ಇಬ್ಬರನ್ನು ಒಂದು ಭಾನುವಾರ ಕರೆಯಿರಿ, ಮಂಡಕ್ಕಿ ಮಿರ್ಚಿ ತರಿಸಿ, ಹಾಲಿನಲ್ಲೇ ಕೇಬಲ್ ಎಳೆಯಿರಿ. ಮಗನನ್ನು ಕರೆಯಬೇಡಿ. ಮೂವರು ದೊಡ್ಡವರು ಸೇರಿ ಕೂಗಾಡಿದರೆ ಅವನೇ ಹೆಡ್‌ಫೋನ್ ತೆಗೆದು ಬಾಗಿಲಿಗೆ ಬಂದು ನಿಲ್ಲುತ್ತಾನೆ. ನಿಮ್ಮ ಆಟ ನೋಡಿ "ತ್ಚು" ಅನ್ನುತ್ತಾನೆ. ಆಗ ಏನಾದರೂ ನೆಪ ಹೇಳಿ ಎದ್ದುಬಿಡಿ.

ಅಂದಹಾಗೆ, ಕೊನೆಯ ರಾತ್ರಿ ಕರೆಂಟು ಬಂದ ಮೇಲೆ ಮತ್ತೆ ಆಡಿದೆವು ಎಂದು ಬರೆದು, ಗೆದ್ದವರು ಯಾರೆಂದು ಬಿಟ್ಟುಬಿಟ್ಟಿದ್ದೀರಿ. ಇಪ್ಪತ್ತು ವರ್ಷವಾದರೂ ಹೇಳಲು ಮನಸ್ಸಿಲ್ಲ ಅಂದರೆ, ಸೋತದ್ದು ನೀವೇ ಅಲ್ವಾ?

— ಸಂ.