ಅಂಕಿ ಹುಡುಕುವ ಆಟದಿಂದ ಮಗ್ಗಿ ಬರುತ್ತದೆಯೇ?

ಪ್ರಶ್ನೆ: ನನ್ನ ಮಗ ನಾಲ್ಕನೇ ತರಗತಿ. ಚೌಕದೊಳಗೆ ಅಡಗಿರುವ ಸಂಖ್ಯೆಗಳನ್ನು ಹುಡುಕಿ ಸುತ್ತು ಹಾಕುವ ಹಾಳೆಗಳನ್ನು ಪ್ರಿಂಟ್ ತೆಗೆಸಿ ಕೊಡುತ್ತೇನೆ. ಖುಷಿಯಿಂದ ಬೇಗಬೇಗ ಮುಗಿಸುತ್ತಾನೆ. ಆದರೆ ‘56 ಏಳರ ಮಗ್ಗಿಯಲ್ಲಿ ಬರುತ್ತಾ?’ ಅಂದರೆ ‘ಏಳೊಂದ್ಲ ಏಳು’ ಎಂದು ಮೊದಲಿನಿಂದ ಶುರು ಮಾಡುತ್ತಾನೆ. ನಾಲ್ಕು ಸಾವಿರದ ಐವತ್ತಾರು ಬರಿ ಅಂದರೆ 400056 ಬರೆಯುತ್ತಾನೆ. ಈ ಆಟದಿಂದ ಉಪಯೋಗ ಇದೆಯೇ?
– ಓದುಗರೊಬ್ಬರು, ಹಾಸನ

ಉತ್ತರ: ಈಗ ಕೊಡುತ್ತಿರುವ ಹಾಳೆಗಳಿಂದ ಹೆಚ್ಚೇನೂ ಇಲ್ಲ. ಪಕ್ಕದಲ್ಲಿ 4826 ಎಂದು ಅಚ್ಚಾಗಿರುತ್ತದೆ, ಮಗು ಅದೇ ಆಕಾರವನ್ನು ಚೌಕದಲ್ಲಿ ಹುಡುಕುತ್ತದೆ. ಅದು ಬರೀ ಕಣ್ಣಿನ ಕೆಲಸ. ಹುಡುಕಬೇಕಾದ ಸಂಖ್ಯೆಯನ್ನೇ ಕೊಡದೆ ಅದರ ಸುಳಿವನ್ನಷ್ಟೇ ಕೊಟ್ಟು ನೋಡಿ, ಆಗ ಲೆಕ್ಕ ಶುರುವಾಗುತ್ತದೆ.

ಚೌಕಳಿ ಪುಸ್ತಕದಲ್ಲಿ ಒಂದೇ ಒಂದು ಸಾಲು ಬರೆಯಿರಿ:

3 5 6 7 0 4 9

ಅಕ್ಕಪಕ್ಕದ ಎರಡೆರಡು ಅಂಕಿ ಸೇರಿಸಿ ಎಡದಿಂದ ಬಲಕ್ಕೆ ಓದಿ, ಏಳರ ಅಪವರ್ತ್ಯಗಳಿಗೆ ಸುತ್ತು ಹಾಕಲಿ. 35, 56, 70, 49 ಸಿಗುತ್ತವೆ. 67ರ ಹತ್ತಿರ ತಡವರಿಸಬಹುದು. ಆಗ ಮಗ್ಗಿಯನ್ನು ಮೊದಲಿನಿಂದ ಹೇಳಲು ಬಿಡಬೇಡಿ. 70 ಗೊತ್ತಿದೆ, ಅದರಲ್ಲಿ ಒಂದು ಏಳು ಕಳೆದರೆ 63. 67 ಇವೆರಡರ ನಡುವೆ ಬಿತ್ತು, ಸುತ್ತು ಇಲ್ಲ.

ಇನ್ನು ಮೂರಂಕಿ. 567 ಏಳರ ಅಪವರ್ತ್ಯವೇ? ಅಷ್ಟು ದೂರ ಯಾರಿಗೂ ಮಗ್ಗಿ ಬಾಯಿಪಾಠ ಇರುವುದಿಲ್ಲ. ಆದರೆ ಅದರಲ್ಲಿ 56 ಹತ್ತುಗಳಿವೆ, ಮೇಲೆ 7 ಬಿಡಿ. 56 ಏಳರ ಮಗ್ಗಿಯದು ಅಂದಮೇಲೆ 560 ಕೂಡ ಏಳರ ಅಪವರ್ತ್ಯವೇ, ಉಳಿದ 7 ಹೇಗೂ ಸೈ. 356 ಹಾಗಲ್ಲ: 350 ಸರಿಹೋಯಿತು, 6 ಉಳಿದುಬಿಟ್ಟಿತು. ಈಗ ಆ ಒಂದೇ 6ರ ಮೇಲೆ ಬೆರಳಿಡಿಸಿ ಕೇಳಿ. 56ರಲ್ಲಿ ಅದರ ಬೆಲೆ ಬರೀ 6, 567ರಲ್ಲಿ 60, 5670ರಲ್ಲಿ 600. ಅಂಕಿ ಕೂತಲ್ಲೇ ಇದೆ, ನಾವು ಸುತ್ತನ್ನು ಎಲ್ಲಿಯವರೆಗೆ ಎಳೆದೆವು ಎಂಬುದರ ಮೇಲೆ ಬೆಲೆ ಬದಲಾಯಿತು. ಸ್ಥಾನಬೆಲೆ, ಅಪವರ್ತ್ಯ ಎರಡನ್ನೂ ಬೇರೆ ಬೇರೆ ಪಾಠ ಎಂದುಕೊಂಡ ಮಕ್ಕಳಿಗೆ ಈ ಸಾಲು ನಾನು ಮೊದಲು ಕೊಡುವ ಲೆಕ್ಕ.

400056ರ ವಿಚಾರ. ಅವನು ಕೇಳಿದ್ದನ್ನು ಕೇಳಿದಂತೆಯೇ ಬರೆಯುತ್ತಿದ್ದಾನೆ: 4000, ಆಮೇಲೆ 56. ಈ ವಯಸ್ಸಿನಲ್ಲಿ ತೀರಾ ಸಾಮಾನ್ಯ, ಬೈಯಬೇಡಿ. ಚೌಕದಲ್ಲಿ 456, 4506, 4056 ಮೂರನ್ನೂ ಅಡಗಿಸಿ, ಸುಳಿವು ಹೀಗಿರಲಿ: ‘4 ಸಾವಿರ, 5 ಹತ್ತು, 6 ಬಿಡಿ.’ ನೂರರ ಸುದ್ದಿಯೇ ಇಲ್ಲ, ಆ ಜಾಗಕ್ಕೆ ಏನು ಬರಬೇಕು ಎಂದು ಅವನೇ ಯೋಚಿಸಬೇಕು. ಅದು ಬಂದ ಮೇಲೆ ಸ್ವಲ್ಪ ಕಿಲಾಡಿ ಸುಳಿವು: ‘6 ನೂರು, 14 ಹತ್ತು, 3 ಬಿಡಿ.’ ಬಹಳ ಮಕ್ಕಳು 6143 ಹುಡುಕುತ್ತಾರೆ. ಬೇಕೆಂದೇ ಅದನ್ನೂ ಚೌಕದಲ್ಲಿ ಇಟ್ಟಿರಿ. ಹತ್ತು ರೂಪಾಯಿಯ 14 ನೋಟು ಎಣಿಸಿದರೆ 140 ಎಂದು ಗೊತ್ತಾಗುತ್ತದೆ, ಉತ್ತರ 743.

ಬಲದಿಂದ ಎಡಕ್ಕೆ, ಕೆಳಗಿನಿಂದ ಮೇಲಕ್ಕೆ ಓದಿಸುವ ಹಾಳೆಗಳನ್ನು ಸದ್ಯಕ್ಕೆ ಬದಿಗಿಡಿ. 49ನ್ನು ತಿರುಗಿಸಿದರೆ 94, ಅದು ಏಳರದ್ದಲ್ಲ. 12, 21 ಅದಲುಬದಲು ಮಾಡುವ ಮಗುವಿಗೆ ಇದು ಇನ್ನಷ್ಟು ಗೊಂದಲ. ಅಡ್ಡ ಆರು, ಉದ್ದ ಆರು ಮನೆ ಸಾಕು, ಗಡಿಯಾರ ಇಟ್ಟು ಅವಸರ ಮಾಡುವುದೂ ಬೇಡ.