ರ‍್ಯಾಮ್ ಹಾಕಿದ ಮೇಲೆ ಡಿಸ್‌ಪ್ಲೇ ಹೋಯಿತೆ?

ಪ್ರಶ್ನೆ: ಸರ್, ಕೌಲ್ ಬಜಾರ್‌ನಲ್ಲಿ ನಮ್ಮದೊಂದು ಚಿಕ್ಕ ಜೀನ್ಸ್ ಹೊಲಿಗೆ ಘಟಕ ಇದೆ. ಬಿಲ್ಲು, ಜಿಎಸ್‌ಟಿ ಎಲ್ಲ ನನ್ನ ಲ್ಯಾಪ್‌ಟಾಪ್‌ನಲ್ಲೇ. ಬಹಳ ನಿಧಾನವಾಗಿತ್ತು ಅಂತ, ಇದ್ದ 8 ಜಿಬಿ ರ‍್ಯಾಮ್ ಜೊತೆಗೆ ಇನ್ನೊಂದು 8 ಜಿಬಿ ತರಿಸಿ ತಮ್ಮನ ಕೈಲಿ ಹಾಕಿಸಿದೆ. ಅವತ್ತಿನಿಂದ ಪರದೆ ಕಪ್ಪು. ಪವರ್ ಲೈಟ್ ಬರುತ್ತದೆ, ಫ್ಯಾನ್ ತಿರುಗಿ ನಿಲ್ಲುತ್ತದೆ, ಮತ್ತೆ ತಿರುಗುತ್ತದೆ. ಎಚ್‌ಡಿಎಂಐ ವೈರ್‌ನಿಂದ ಟಿವಿಗೆ ಜೋಡಿಸಿದರೂ ಏನೂ ಕಾಣಲಿಲ್ಲ. ಅಂಗಡಿಯವರು ಡಿಸ್‌ಪ್ಲೇ ಹೋಗಿದೆ, 6,500 ರೂಪಾಯಿ ಆಗುತ್ತದೆ ಅಂದರು. ಹಾಕಿಸಲೇ?
– ಓದುಗರೊಬ್ಬರು, ಬಳ್ಳಾರಿ

ಉತ್ತರ: ಬೇಡ ತಂಗಿ, ಈಗಲೇ ದುಡ್ಡು ಕೊಡಬೇಡಿ. ಪರದೆ ಮಾತ್ರ ಕೆಟ್ಟಿದ್ದರೆ ಟಿವಿಯಲ್ಲಿ ಚಿತ್ರ ಬರಬೇಕಿತ್ತು. ಫ್ಯಾನ್ ತಿರುಗಿ ನಿಂತು ಮತ್ತೆ ತಿರುಗುತ್ತಿದೆ ಅಂದರೆ ಯಂತ್ರ ಶುರುವಾಗಲು ಹೋಗಿ, ರ‍್ಯಾಮ್ ಸರಿಯಾಗಿ ಸಿಗದೆ, ಮತ್ತೆ ಮೊದಲಿಂದ ಹೊರಡುತ್ತಿದೆ. ಕ್ಯಾಪ್ಸ್ ಲಾಕ್ ಕೀಲಿಯಲ್ಲಿ ದೀಪವಿದ್ದರೆ ಒತ್ತಿ ನೋಡಿ. ಒತ್ತಿದಾಗೆಲ್ಲ ಹತ್ತಿ ಆರಿದರೆ ಒಳಗೆ ಕೆಲಸ ನಡೆದಿದೆ, ಪರದೆಯನ್ನೋ ಅದರ ಕೇಬಲನ್ನೋ ಅನುಮಾನಿಸಬಹುದು. ಹತ್ತದಿದ್ದರೆ ಯಂತ್ರ ಇನ್ನೂ ಎದ್ದೇ ಇಲ್ಲ.

ಚಾರ್ಜರ್ ತೆಗೆದು, ಕೆಳಗಿನ ಮುಚ್ಚಳ ಬಿಚ್ಚಿ, ಬ್ಯಾಟರಿಯ ಕನೆಕ್ಟರ್ ಬಿಡಿಸಿ. ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದರೆ ಉಳಿದ ಕರೆಂಟೂ ಇಳಿಯುತ್ತದೆ. ಈಗ ಹೊಸ ರ‍್ಯಾಮ್ ತೆಗೆದು, ಹಳೆಯದೊಂದನ್ನೇ ಇಟ್ಟು, ಬ್ಯಾಟರಿಯ ಕನೆಕ್ಟರ್ ಮತ್ತೆ ಜೋಡಿಸಿ ಆನ್ ಮಾಡಿ. ಚಿತ್ರ ಬಂತೋ, ನಿಮ್ಮ ಪರದೆ ಗಟ್ಟಿಯಾಗಿದೆ.

ಆಮೇಲೆ ಆಫ್ ಮಾಡಿ, ಮೊದಲಿನಂತೆಯೇ ಚಾರ್ಜರ್, ಬ್ಯಾಟರಿ ಬಿಡಿಸಿ, ಹೊಸದನ್ನು ಹಾಕಬೇಕಾದ ಖಾಲಿ ಸ್ಲಾಟಿನೊಳಗೆ ಮೊಬೈಲ್ ಟಾರ್ಚ್ ಓರೆಯಾಗಿ ಬಿಟ್ಟು ನಿಧಾನಕ್ಕೆ ನೋಡಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ಬಳ್ಳಾರಿಯಲ್ಲಿ ರಿಪೇರಿ ಟೇಬಲ್ ಮುಂದೆ 16 ವರ್ಷದಿಂದ ಕೂತಿದ್ದೇನೆ. ಜೀನ್ಸ್ ಘಟಕಗಳಿಂದ ಬರುವ ಲ್ಯಾಪ್‌ಟಾಪ್ ಬಿಚ್ಚಿದರೆ ಫ್ಯಾನಿನ ರೆಕ್ಕೆಗೆ ನೀಲಿ ಹತ್ತಿ ಸುತ್ತಿಕೊಂಡಿರುತ್ತದೆ. ಹೋದ ವರ್ಷ ಹೀಗೆಯೇ ಒಂದು ಬಂದಿತ್ತು, ಅದಕ್ಕೂ ಡಿಸ್‌ಪ್ಲೇ ಹೋಗಿದೆ ಅಂದಿದ್ದರಂತೆ. ಸ್ಲಾಟಿನ ಎರಡು ಪಿನ್‌ಗಳ ಮೇಲೆ ಕೂದಲಿಗಿಂತ ತೆಳುವಾದ ನೀಲಿ ಎಳೆಯೊಂದು ಅಡ್ಡ ಬಿದ್ದಿತ್ತು. ಚಿಮುಟದಲ್ಲಿ ಎತ್ತಿದೆ, ರ‍್ಯಾಮ್ ಕೂರಿಸಿದೆ, ಪರದೆ ಬೆಳಗಿತು. ಆ ಮನುಷ್ಯ ಪ್ಯಾನೆಲ್‌ಗೆಂದು ಸಾಲ ಕೇಳಿ ಬಂದಿದ್ದ. ಅದು ಇನ್ನೂ ನನ್ನ ಮನಸ್ಸಿನಲ್ಲಿದೆ.

ಎಳೆ ಕಂಡರೆ ಬಾಯಿಂದ ಊದಬೇಡಿ, ಉಗುಳಿನ ತೇವ ಹಾರುತ್ತದೆ. ಮೆತ್ತನೆಯ ಒಣ ಬ್ರಷ್ ಸಾಕು. ರ‍್ಯಾಮ್‌ನ ಪಿನ್‌ಗಳನ್ನು ರಬ್ಬರ್‌ನಿಂದ ಉಜ್ಜುವ ರೂಢಿ ನಮ್ಮ ಕಡೆ ಜಾಸ್ತಿ. ನನಗದು ಇಷ್ಟವಿಲ್ಲ, ಮೇಲಿನ ಚಿನ್ನದ ಲೇಪ ತುಂಬಾ ತೆಳು. ಐಸೊಪ್ರೊಪೈಲ್ ಆಲ್ಕೋಹಾಲ್ ಸ್ವಲ್ಪ ಹಚ್ಚಿ ಒರೆಸಿ, ಒಣಗಲು ಬಿಡಿ.

ಕೂರಿಸುವಾಗ ಓರೆಯಾಗಿ ಪೂರ್ತಿ ಒಳಗೆ ತಳ್ಳಿ, ಆಮೇಲೆ ಕೆಳಗೆ ಒತ್ತಿ. ಎರಡೂ ಬದಿಯ ಕ್ಲಿಪ್ ಟಕ್ ಎನ್ನಬೇಕು. ಚಿನ್ನದ ಬಣ್ಣದ ಅಂಚು ಒಂದು ಮೂಲೆಯಲ್ಲಿ ಮಾತ್ರ ಹೆಚ್ಚು ಕಂಡರೆ ಅದು ಸೊಟ್ಟಗೆ ಕೂತಿದೆ, ತಮ್ಮನ ಕೈಲೂ ಇದೇ ಆಗಿರಬಹುದು. ಸರಿಯಾಗಿ ಕೂತ ಮೇಲೆ ಬ್ಯಾಟರಿ ಜೋಡಿಸಿ ಆನ್ ಮಾಡಿ. ನಿಮ್ಮದು ಡಿಡಿಆರ್5 (ಹೊಸ ಪೀಳಿಗೆಯ ಮೆಮೊರಿ) ಆದರೆ ಹೊಸ ರ‍್ಯಾಮ್ ಹಾಕಿದ ಮೊದಲ ಸಲ ಕೆಲವು ನಿಮಿಷ ಪರದೆ ಕಪ್ಪಾಗಿಯೇ ಇರಬಹುದು. ಚಾರ್ಜರ್ ಹಾಕಿ ಕಾಯಿರಿ, ನಡುವೆ ಆಫ್ ಮಾಡಬೇಡಿ. ಇಷ್ಟಾದರೂ ಬರದಿದ್ದರೆ ಮತ್ತೆ ಚಾರ್ಜರ್, ಬ್ಯಾಟರಿ ಬಿಡಿಸಿ, ಹೊಸದೊಂದನ್ನೇ ಹಳೆಯದರ ಸ್ಲಾಟಿಗೆ ಹಾಕಿ ನೋಡಿ. ಅಲ್ಲೂ ಏಳದಿದ್ದರೆ ಆ ರ‍್ಯಾಮೇ ನಿಮ್ಮ ಯಂತ್ರಕ್ಕೆ ಒಗ್ಗುತ್ತಿಲ್ಲ ಅಥವಾ ಕೆಟ್ಟಿದೆ, ಕೊಂಡಲ್ಲೇ ಬದಲಿಸಿಕೊಳ್ಳಿ.

ಪ್ರಶ್ನೆ: ಎಸ್‌ಎಸ್‌ಡಿ ಹಾಕಿಸಿ ಹೊಸದಾಗಿ ವಿಂಡೋಸ್ ಹಾಕಿಸಿದೆ. ಅಕ್ಷರ ದಪ್ಪ, ಮಸುಕು. ಬ್ರೈಟ್‌ನೆಸ್ ಬದಲಾಗುತ್ತಿಲ್ಲ.
– ಓದುಗರು, ಸಿಂಧನೂರು

ಉತ್ತರ: ಡಿವೈಸ್ ಮ್ಯಾನೇಜರ್ ತೆರೆದು ಡಿಸ್‌ಪ್ಲೇ ಅಡಾಪ್ಟರ್ಸ್ ನೋಡಿ. 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಎಂದಿದ್ದರೆ ಗ್ರಾಫಿಕ್ಸ್ ಡ್ರೈವರ್ ಇನ್ನೂ ಕೂತಿಲ್ಲ. ನಿಮ್ಮ ಲ್ಯಾಪ್‌ಟಾಪ್ ಕಂಪನಿಯ ತಾಣದಲ್ಲಿ ಮಾಡೆಲ್ ನಂಬರ್ ಕೊಟ್ಟು ಡ್ರೈವರ್ ಇಳಿಸಿ ಹಾಕಿ, ಒಮ್ಮೆ ರೀಸ್ಟಾರ್ಟ್ ಮಾಡಿ.