ಸೋಲುವವರ ದುಡ್ಡಲ್ಲಿ ಶಾಲೆಯ ಸೂರು

ದಾವಣಗೆರೆಯಿಂದ ನಿವೃತ್ತ ಬ್ಯಾಂಕ್ ನೌಕರರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ನಾಲ್ಕು ಪುಟದ ಪತ್ರ, ಮುತ್ತು ಪೋಣಿಸಿದಂಥ ಅಕ್ಷರ. ಅದರ ಮುಖ್ಯ ಭಾಗ ಇಷ್ಟು:

“ಕ್ರಿಕೆಟ್ ಬೆಟ್ಟಿಂಗ್ ನಿಲ್ಲಿಸಲು ಯಾವ ಸರ್ಕಾರಕ್ಕೂ ಆಗಿಲ್ಲ. ಪ್ರತಿ ಐಪಿಎಲ್‌ಗೂ ಪೊಲೀಸರು ನಾಲ್ಕು ಮೊಬೈಲು, ಒಂದು ನೋಟ್‌ಬುಕ್ಕು ಮೇಜಿನ ಮೇಲಿಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ, ಅಷ್ಟೇ. ಜೂಜು ಹೇಗೂ ರಾಜ್ಯಪಟ್ಟಿಯ ವಿಷಯ. ಕರ್ನಾಟಕವೇ ಲೈಸೆನ್ಸ್ ಕೊಡಲಿ, ತೆರಿಗೆ ಹಾಕಲಿ. ಆ ದುಡ್ಡಲ್ಲಿ ಸೋರುವ ಸರ್ಕಾರಿ ಶಾಲೆಗಳಿಗೆ ಸೂರು ಹಾಕಲಿ. ಕುದುರೆ ಬಾಲಕ್ಕೆ ದುಡ್ಡು ಕಟ್ಟಿದರೆ ಸರಿ, ಕೊಹ್ಲಿ ಬ್ಯಾಟಿಗೆ ಕಟ್ಟಿದರೆ ತಪ್ಪು, ಇದು ಯಾವ ನ್ಯಾಯ? ನನ್ನ ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಅಲ್ಲಿ ಫೋನಿನಲ್ಲೇ ಕಟ್ಟುತ್ತಾರೆ. ಆಕಾಶವೇನೂ ಕಳಚಿ ಬಿದ್ದಿಲ್ಲ. ನಿಮ್ಮ ಓದುಗರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ನನ್ನ ಕಡೆ ಇದ್ದಾರೆ. ನೂರು ರೂಪಾಯಿ ಬಾಜಿ, ಕಟ್ಟುತ್ತೀರಾ?”

ಸ್ವಾಮಿ, ಮೊದಲು ನಿಮ್ಮ ಕಡೆಯದನ್ನು ಹೇಳಿ ಮುಗಿಸುತ್ತೇನೆ. ಈ ಮಾತಿನಲ್ಲಿ ನೀವು ಒಬ್ಬರೇ ಅಲ್ಲ. ಕ್ರಿಕೆಟ್ ಮಂಡಳಿಯ ಸುಧಾರಣೆಗೆ ಸುಪ್ರೀಂ ಕೋರ್ಟ್ ನೇಮಿಸಿದ್ದ ಲೋಧಾ ಸಮಿತಿಯೂ 2016ರ ಜನವರಿಯಲ್ಲಿ ಇದನ್ನೇ ಹೇಳಿತ್ತು. ಆಟಗಾರರು, ಅಧಿಕಾರಿಗಳನ್ನು ದೂರ ಇಟ್ಟು ಉಳಿದವರಿಗೆ ಕ್ರಿಕೆಟ್ ಬೆಟ್ಟಿಂಗ್‌ಗೆ ಕಾನೂನಿನಲ್ಲಿ ಜಾಗ ಕೊಡಿ ಅಂತ. 2018ರಲ್ಲಿ ಕಾನೂನು ಆಯೋಗದ 276ನೇ ವರದಿಯೂ ಬಂತು. ಪೂರ್ತಿ ತಡೆಯಲು ಆಗದಿದ್ದರೆ ಹತೋಟಿಯಲ್ಲಾದರೂ ಇಡಿ, ಆಧಾರ್, ಪ್ಯಾನ್ ಜೋಡಿಸಿ, ನಗದು ಬೇಡ ಎಂದಿತು. ಕುದುರೆ ವಿಷಯದಲ್ಲಂತೂ ನಿಮ್ಮ ಸಿಟ್ಟು ನನ್ನದೂ ಹೌದು. 1996ರಲ್ಲಿ ಸುಪ್ರೀಂ ಕೋರ್ಟ್ ರೇಸನ್ನು ಕೌಶಲದ ಆಟ ಎಂದಿತು. ಕುದುರೆಗೆ ಕೌಶಲ ಇದೆ, ಜಾಕಿಗೆ ಇದೆ. ಟಿಕೆಟ್ ಹಿಡಿದು ಗ್ಯಾಲರಿಯಲ್ಲಿ ಕೂಗುವವನಿಗೆ ಯಾವ ಕೌಶಲವೋ ನನಗಿನ್ನೂ ಅರ್ಥವಾಗಿಲ್ಲ. ಆದರೆ ನೀವು ಬ್ಯಾಂಕಿನಲ್ಲಿದ್ದವರು. ಒಂದು ಸಾಲ ಮುಳುಗಿತು ಅಂತ ಅಂಥದೇ ಇನ್ನೊಂದು ಸಾಲಕ್ಕೆ ಸಹಿ ಹಾಕುತ್ತಿದ್ದಿರಾ?

ನಿಮ್ಮ ನಾಲ್ಕು ಪುಟದಲ್ಲಿ ಒಂದು ಪದ ಹುಡುಕಿದೆ. ಸಿಗಲಿಲ್ಲ. ಲಾಟರಿ.

ನೀವು ಹೇಳುವ ಪ್ರಯೋಗವನ್ನು ಈ ರಾಜ್ಯ ಒಮ್ಮೆ ಮಾಡಿ ನೋಡಿದೆ, ಸ್ವಾಮಿ. ಸರ್ಕಾರದ್ದೇ ಲಾಟರಿ, ಸರ್ಕಾರದ್ದೇ ಮುದ್ರೆ. ಯಾವ ಊರಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದರೂ ಮೊದಲು ಕಾಣುತ್ತಿದ್ದದ್ದು ದಾರಕ್ಕೆ ಸಿಕ್ಕಿಸಿದ ಟಿಕೆಟ್ಟುಗಳು, ಕಿವಿಗೆ ಬೀಳುತ್ತಿದ್ದದ್ದು ಮೈಕಿನಲ್ಲಿ “ಇವತ್ತೇ ಡ್ರಾ, ಇವತ್ತೇ ಡ್ರಾ”. ಆಮೇಲೆ ಆನ್‌ಲೈನ್ ಲಾಟರಿ ಬಂತು. 2007ರಲ್ಲಿ ಕುಮಾರಸ್ವಾಮಿ ಸರ್ಕಾರ ಎಲ್ಲವನ್ನೂ ಮುಚ್ಚಿಸಿತು. ಅದೇ ವರ್ಷ ಸಾರಾಯಿಯೂ ಹೋಯಿತು. ಆ ಸರ್ಕಾರದ ಮೇಲೆ ನನಗೆ ಬೇಕಾದಷ್ಟು ತಕರಾರಿದೆ. ಈ ಎರಡರ ಮೇಲೆ ಇಲ್ಲ.

ಆಗ ನಮ್ಮ ಪತ್ರಿಕೆ ಅಚ್ಚಾಗುತ್ತಿದ್ದ ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸದವರೊಬ್ಬರಿದ್ದರು. ಕೈ ಅಂದರೆ ಕೈ. ಸ್ಕೇಲು ಇಲ್ಲದೆ ಕಾಗದ ಮಡಚಿದರೆ ಒಂದು ಕೂದಲಿನಷ್ಟೂ ಆಚೀಚೆ ಆಗುತ್ತಿರಲಿಲ್ಲ. ಶನಿವಾರ ಸಂಬಳ. ಪ್ರೆಸ್ಸಿನಿಂದ ಮನೆಗೆ ಹೋಗುವ ದಾರಿಯಲ್ಲಿ ಮೂರು ಲಾಟರಿ ಅಂಗಡಿ. ಮನೆ ಸೇರುವಾಗ ಜೇಬಲ್ಲಿ ಬರೀ ಟಿಕೆಟ್ಟು. ಒಂದು ದಿನ ಅವರ ಹೆಂಡತಿ ಮಗುವನ್ನು ಸೊಂಟದಲ್ಲಿ ಎತ್ತಿಕೊಂಡು ಬಂದರು. “ಅಣ್ಣ, ಸಂಬಳ ನನ್ನ ಕೈಗೆ ಕೊಡಿಸಿ” ಅಂದರು. ಕೊಡಿಸಿದೆವು. ಆತ ನಮ್ಮೆಲ್ಲರ ಹತ್ತಿರ ಕೈಸಾಲ ಶುರು ಮಾಡಿದರು. ನನ್ನ ಹತ್ತಿರವೂ ತೆಗೆದುಕೊಂಡರು. ಯಾಕೆ ಅಂತ ಗೊತ್ತಿದ್ದೂ ಕೊಟ್ಟೆ. ಅದನ್ನು ಮುಚ್ಚಿಡುವುದಿಲ್ಲ.

2007 ಆದ ಮೇಲೆ ಆತ ಬಿಟ್ಟರು. ಯಾವ ಸ್ವಾಮೀಜಿಯ ಉಪದೇಶವೂ ಅಲ್ಲ, ಹೆಂಡತಿಯ ಕಣ್ಣೀರೂ ಅಲ್ಲ. ನಾನೇ ಕೇಳಿದೆ. “ದಾರಿಯಲ್ಲಿ ಅಂಗಡಿ ಇಲ್ಲ ಸಾರ್” ಅಂದರು.

ಎಲ್ಲರೂ ಹೀಗೆ ಬಿಟ್ಟರು ಅಂತ ನಾನು ಹೇಳುವುದಿಲ್ಲ. ಕೆಲವರು ಕದ್ದುಮುಚ್ಚಿ ನಡೆಯುವ ಒಂದಂಕಿ ಲಾಟರಿಗೆ ಹೋದರು. 2015ರಲ್ಲಿ ಆ ದಂಧೆ ಬಯಲಾಗಿ ರಾಜ್ಯದಲ್ಲಿ ದೊಡ್ಡ ಗದ್ದಲವೇ ಆಯಿತು. ನೋಡಿ, ನಿಷೇಧ ಸೋತಿತು ಅಂತ ನೀವು ಅನ್ನಬಹುದು. ಆದರೆ ಒಂದಂಕಿ ಆಟ ನಡೆಯುವುದು ಹೇಗೆ ಗೊತ್ತಾ? ಬೇರೆ ರಾಜ್ಯದ ಕಾನೂನಿನ ಲಾಟರಿಯ ಫಲಿತಾಂಶ ನೋಡಿ, ಅದರ ಕೊನೆಯ ಅಂಕಿಯ ಮೇಲೆ. ಅಲ್ಲಿ ಕಾನೂನಿನ ಡ್ರಾ ಇಲ್ಲದಿದ್ದರೆ ಇಲ್ಲಿ ಕಳ್ಳ ಅಂಕಿಯೂ ಇಲ್ಲ. ಮಟ್ಕಾದ ಹುಟ್ಟೂ ಅಷ್ಟೇ. ಮುಂಬೈನವರು ಬಾಜಿ ಕಟ್ಟುತ್ತಿದ್ದದ್ದು ನ್ಯೂಯಾರ್ಕ್ ಹತ್ತಿ ಮಾರುಕಟ್ಟೆಯ ಓಪನಿಂಗ್, ಕ್ಲೋಸಿಂಗ್ ದರಗಳ ಮೇಲೆ. ನಮ್ಮ ಕಡೆ ಓಸಿ ಅನ್ನುತ್ತಾರಲ್ಲ, ಆ ಓಪನ್, ಕ್ಲೋಸ್ ಅಲ್ಲಿಂದಲೇ ಬಂದದ್ದು. ಕಳ್ಳ ದಂಧೆ ಬೆಳೆದದ್ದು ಕಾನೂನಿನ ದಂಧೆಯ ಬೆನ್ನ ಮೇಲೆ ಕೂತು. ಲೈಸೆನ್ಸ್ ಅಂಗಡಿ ತೆರೆದ ದಿನ ಬುಕ್ಕಿ ಗಂಟು ಕಟ್ಟಿಕೊಂಡು ಊರು ಬಿಡುತ್ತಾನೆ ಅಂತ ನಿಮಗೆ ಯಾರು ಹೇಳಿದರು? ಬುಕ್ಕಿ ಉದ್ರಿ ಕೊಡುತ್ತಾನೆ. ಪ್ಯಾನ್ ಕೇಳುವುದಿಲ್ಲ. ಗೆದ್ದ ದುಡ್ಡಲ್ಲಿ ನೂರಕ್ಕೆ ಮೂವತ್ತು ಆದಾಯ ತೆರಿಗೆ ಮುರಿಯುವುದಿಲ್ಲ. ನಿಮ್ಮ ಲೈಸೆನ್ಸ್ ಅಂಗಡಿಯವನು ಪ್ಯಾನ್ ಕೇಳಲೇಬೇಕು, ತೆರಿಗೆ ಮುರಿಯಲೇಬೇಕಲ್ಲ?

ಈಗ ಲೆಕ್ಕ. ನಿಮಗೆ ಲೆಕ್ಕ ಹೇಳುವುದು ಮೀನಿಗೆ ಈಜು ಕಲಿಸಿದ ಹಾಗೆ, ಆದರೂ ಬೇರೆ ಓದುಗರಿಗಾಗಿ ಹೇಳುತ್ತೇನೆ. ಅಮೆರಿಕದಲ್ಲಿ ಸಮಬಲದ ಪಂದ್ಯಕ್ಕೆ ಮಾಮೂಲಿ ದರ ಹೀಗಿದೆ: 100 ಗೆಲ್ಲಲು 110 ಕಟ್ಟಬೇಕು. ಎರಡು ಕಡೆಗೂ ಒಬ್ಬೊಬ್ಬರು ಕಟ್ಟಿದರು ಅನ್ನಿ. ಪೆಟ್ಟಿಗೆಗೆ ಬಂದದ್ದು 220. ಗೆದ್ದವನಿಗೆ ಹೋದದ್ದು 210. ಉಳಿದ 10 ಅಂಗಡಿಯವನಿಗೆ, ಯಾರು ಗೆದ್ದರೂ. ಅಂದರೆ ನೂರಕ್ಕೆ ನಾಲ್ಕೂವರೆ ಚಿಲ್ಲರೆ. ಇಷ್ಟೇನಾ ಅನ್ನಿಸುತ್ತದೆ. ಆದರೆ ಸಲಕ್ಕೆ ಸಾವಿರ ರೂಪಾಯಿಯಂತೆ 22 ಸಲ ಕಟ್ಟಿದರೆ, ಸರಾಸರಿಯಲ್ಲಿ ಒಂದು ಸಾವಿರ ಅಂಗಡಿಯವನ ಕೈಲಿರುತ್ತದೆ. ಪಿಚ್ಚಿನ ಉದ್ದವೂ 22 ಗಜ, ನೆನಪಿಡಲು ಸುಲಭ. ಒಂದೊಂದು ಬಾಲಿಗೂ ಫೋನಿನಲ್ಲಿ ಬಾಜಿ ಕಟ್ಟಬಹುದಾದ ಕಾಲದಲ್ಲಿ 22 ಸಲಕ್ಕೆ ಒಂದು ಇನಿಂಗ್ಸ್ ಕೂಡ ಬೇಡ. ಇನ್ನು ನಮ್ಮವರಂತೂ ತಲೆಯಿಂದ ಕಟ್ಟುವವರಲ್ಲ, ಎದೆಯಿಂದ ಕಟ್ಟುವವರು. 2008ರಿಂದ ಹದಿನೇಳು ಸೀಸನ್ “ಈ ಸಲ ಕಪ್ ನಮ್ದೇ” ಅಂದವರು ನಾವು. ನಾನೂ ಅಂದಿದ್ದೇನೆ. 2025ರಲ್ಲಿ ಕಪ್ ಬರುವ ಹೊತ್ತಿಗೆ, ಪ್ರತಿ ವರ್ಷ ಆರ್‌ಸಿಬಿ ಮೇಲೆ ಕಟ್ಟಿದ್ದವನ ಸೈಟು ಯಾರ ಹೆಸರಿನಲ್ಲಿರುತ್ತಿತ್ತೋ!

ಸೂರಿನ ಮಾತಿಗೆ ಬರೋಣ. ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಚೆನ್ನಾಗಿರುವುದು ಈ ಸೂರು, ನನಗೆ ಎಲ್ಲಕ್ಕಿಂತ ಭಯ ಆಗುವುದೂ ಇದೇ. ಆ ದುಡ್ಡು ಬರುವುದು ಯಾರಿಂದ? ಗೆದ್ದವರಿಂದಲ್ಲ. ಸೋರುವ ಕ್ಲಾಸಿನಲ್ಲಿ ಕೂತ ಹುಡುಗನ ಅಪ್ಪನಿಂದ. ಮೊದಲ ವರ್ಷ ಬಂದಷ್ಟು ಬರಲಿ ಅನ್ನುತ್ತಾರೆ. ಎರಡನೇ ವರ್ಷ ಬಜೆಟ್ಟಿನಲ್ಲಿ ಅದಕ್ಕೊಂದು ಸಾಲು. ಮೂರನೇ ವರ್ಷ ‘ಗುರಿ’. ಅಬಕಾರಿ ನೋಡಿ. 2025-26ರ ಬಜೆಟ್ಟಿನಲ್ಲಿ ಅದರ ಗುರಿ 40,000 ಕೋಟಿ ರೂಪಾಯಿ. ಗುರಿ ಇಟ್ಟ ಮೇಲೆ ಅದನ್ನು ಮುಟ್ಟಿಸಬೇಕಾದ ಅಧಿಕಾರಿ, ಜನ ಕಡಿಮೆ ಕುಡಿಯಲಿ ಅಂತ ಹಾರೈಸಲು ಸಾಧ್ಯವೇ? ಸರ್ಕಾರಕ್ಕೆ ಯಾವ ಪಕ್ಷ ಬಂದರೂ ಅಷ್ಟೇ. ಬೆಟ್ಟಿಂಗ್‌ಗೂ ಗುರಿ ಬಂದರೆ, ಸೋಲುವವರು ಈ ವರ್ಷ ಸಾಲದು ಅಂತ ವಿಧಾನಸೌಧದಲ್ಲಿ ಚಿಂತೆ ಶುರುವಾಗುತ್ತದೆ. ಶಾಲೆಗೆ ಸೂರು ಹಾಕುವುದು ಸರ್ಕಾರದ ಕೆಲಸ. ಅದಕ್ಕೆ ದುಡ್ಡಿಲ್ಲ ಅಂದರೆ ಬೇರೆ ಯಾವುದಕ್ಕೆಲ್ಲ ಇದೆ ಅಂತ ಕೇಳಬೇಕಾದವರು ನಾವು. ಅದು ಬಿಟ್ಟು ಬುಕ್ಕಿ ಹತ್ತಿರ ಚಂದಾ ಎತ್ತಿ ಅನ್ನುತ್ತಿದ್ದೀರಲ್ಲ.

ನಿಮ್ಮ ಮಗ ಇರುವ ನ್ಯೂಜೆರ್ಸಿಯದೇ ಈ ಕಥೆಯಲ್ಲಿ ದೊಡ್ಡ ಪಾತ್ರ. ಆ ರಾಜ್ಯವೇ ಹಟ ಹಿಡಿದು ಕೇಸು ನಡೆಸಿ, 2018ರ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ, ಆಟದ ಬೆಟ್ಟಿಂಗ್‌ಗೆ ತಡೆ ಹಾಕಿದ್ದ 1992ರ ಕೇಂದ್ರ ಕಾನೂನನ್ನು ಬೀಳಿಸಿತು. ಈಗ ಅಲ್ಲಿ ಐವತ್ತರಲ್ಲಿ ಮುಕ್ಕಾಲು ಪಾಲು ರಾಜ್ಯಗಳು ಬಾಗಿಲು ತೆರೆದಿವೆ. ಆದರೆ ಕ್ಯಾಲಿಫೋರ್ನಿಯಾದವರು 2022ರಲ್ಲಿ ಮತ ಹಾಕಿ ಬೇಡ ಅಂದರು. ಮಿಸೌರಿಯಲ್ಲಿ 2024ರಲ್ಲಿ ಬೆಟ್ಟಿಂಗ್ ಪರದವರು ಗೆದ್ದದ್ದು 3,000ಕ್ಕಿಂತ ಕಡಿಮೆ ಮತಗಳ ಅಂತರದಿಂದ. ಕಾನೂನಾದರೆ ಫಿಕ್ಸಿಂಗ್ ನಿಲ್ಲುತ್ತದೆ ಅನ್ನುವವರು ಅಲ್ಲಿನ ಬ್ಯಾಸ್ಕೆಟ್‌ಬಾಲ್ ನೋಡಲಿ. 2024ರಲ್ಲಿ ಟೊರೊಂಟೊ ತಂಡದ ಆಟಗಾರನೊಬ್ಬನಿಗೆ ಬೆಟ್ಟಿಂಗ್‌ಗಾಗಿ ಆಜೀವ ನಿಷೇಧ ಹಾಕಿದರು. ಅನುಮಾನ ಹುಟ್ಟಿದ್ದು ಲೈಸೆನ್ಸ್ ಇದ್ದ ಕಂಪನಿಗಳ ಲೆಕ್ಕದಿಂದಲೇ, ಅದು ನಿಮ್ಮ ಕಡೆಗೆ ಒಂದು ರನ್. 2025ರ ಅಕ್ಟೋಬರ್‌ನಲ್ಲಿ ಮತ್ತೆ ಬಂಧನಗಳಾದವು. ಮುಂದಿನ ಸಲ ಮಗ ಫೋನ್ ಮಾಡಿದಾಗ ಒಂದು ಕೇಳಿ: ಅಲ್ಲಿನ ಬೆಟ್ಟಿಂಗ್ ಜಾಹೀರಾತಿನ ಕೊನೆಯಲ್ಲಿ ಸಣ್ಣಗೆ ಏನು ಬರೆದಿರುತ್ತದೆ ಅಂತ. ಚಟ ಬಿಡಿಸುವ ಸಹಾಯವಾಣಿಯ ನಂಬರ್. ಅಂಗಡಿಯ ಬೋರ್ಡಿನಲ್ಲೇ ಆಂಬುಲೆನ್ಸ್ ನಂಬರ್ ಬರೆಸುವ ವ್ಯಾಪಾರ ಬೇರೆ ಯಾವುದಿದೆ?

ಇಷ್ಟು ಹೇಳಿ ನಮ್ಮ ಕಸುಬಿನವರ ಪಾಪ ಹೇಳದಿದ್ದರೆ ತಪ್ಪಾಗುತ್ತದೆ. 1950ರ ದಶಕದಲ್ಲಿ ಬೆಂಗಳೂರಿನಿಂದ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆ ಬರುತ್ತಿತ್ತು. ಹೆಸರು ಆಟದ್ದು. ಅದರ ಮೂಲಕ ನಡೆಯುತ್ತಿದ್ದದ್ದು ಪದಬಂಧದ ಬಹುಮಾನ ಸ್ಪರ್ಧೆ. ಶುಲ್ಕ ಕಟ್ಟಿ ಕೂಪನ್ ಕಳಿಸಬೇಕು. ಮೈಸೂರು ರಾಜ್ಯದಲ್ಲಿ ಇಂಥದ್ದಕ್ಕೆ ತೆರಿಗೆ ಇತ್ತು, ತಡೆ ಇರಲಿಲ್ಲ. ನೀವು ಕೇಳುವ ವ್ಯವಸ್ಥೆಯೇ ಅನ್ನಿ! ಪತ್ರಿಕೆಗೆ ಮುಂಬೈ ಕಡೆ ತುಂಬಾ ಓದುಗರಿದ್ದರು. ಅಲ್ಲಿನ ಸರ್ಕಾರವೂ ಕಾನೂನು ತಂದು ತೆರಿಗೆ ಕೇಳಿತು. ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. 1957ರಲ್ಲಿ ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಅವರ ಪೀಠ, ಜೂಜು ವ್ಯಾಪಾರವೇ ಅಲ್ಲ, ವ್ಯಾಪಾರಕ್ಕೆ ಸಂವಿಧಾನ ಕೊಡುವ ರಕ್ಷಣೆ ಇದಕ್ಕಿಲ್ಲ ಎಂದಿತು. ತೀರ್ಪಿನಲ್ಲಿ ಋಗ್ವೇದದ ಜೂಜುಕೋರನ ಸೂಕ್ತದ ಮಾತೂ ಬರುತ್ತದೆ. ದಾಳ ಆಡಬೇಡ, ಹೊಲ ಉಳು ಅನ್ನುವ ಸೂಕ್ತ ಅದು. ನಾನು ಹೊಸದಾಗಿ ಪತ್ರಿಕೆಗೆ ಸೇರಿದಾಗ ಹಿರಿಯರೊಬ್ಬರು ಈ ಕಥೆ ಹೇಳಿ, “ಪದಬಂಧ ಹಾಕು, ಬಹುಮಾನ ಬೇಕಾದರೂ ಇಡು, ಪ್ರವೇಶ ಶುಲ್ಕ ಮಾತ್ರ ಇಡಬೇಡ” ಅಂದಿದ್ದರು. ಇವತ್ತಿಗೂ ನಮ್ಮ ಪದಬಂಧಕ್ಕೆ ಶುಲ್ಕ ಇಲ್ಲ. ಬಹುಮಾನವೂ ಅಷ್ಟಕ್ಕಷ್ಟೇ, ಅದು ಬೇರೆ ಮಾತು.

ರಾಜ್ಯದ ಹಕ್ಕು ಅಂದಿರಲ್ಲ. ಆ ಹಕ್ಕೇ ಈಗ ಕಗ್ಗಂಟು. ನಮ್ಮವರು 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಆನ್‌ಲೈನ್ ಬಾಜಿ ನಿಲ್ಲಿಸಲು ಹೋದರು, ಕುದುರೆಯನ್ನು ಮಾತ್ರ ಜೋಪಾನವಾಗಿ ಹೊರಗಿಟ್ಟರು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೊಡೆದುಹಾಕಿತು. 2025ರ ಆಗಸ್ಟ್‌ನಲ್ಲಿ ಕೇಂದ್ರವೇ ಕಾನೂನು ತಂದು, ಕೌಶಲವೋ ಅದೃಷ್ಟವೋ ನೋಡದೆ, ದುಡ್ಡಿನ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ಅದೂ ಕೋರ್ಟಿನ ಮೆಟ್ಟಿಲು ಹತ್ತಿತು. ವಕೀಲರಿಗೆ ಸುಗ್ಗಿ.

ಆ ನಿಷೇಧದಿಂದ ನನಗಾದ ಲಾಭ ಒಂದೇ, ಟೀವಿ ಸ್ವಲ್ಪ ತಣ್ಣಗಾಯಿತು. ಅದಕ್ಕೆ ಮುಂಚಿನ ಐಪಿಎಲ್‌ಗಳನ್ನು ನೆನಪಿಸಿಕೊಳ್ಳಿ. ಓವರ್ ಮುಗಿಯುವ ಮೊದಲೇ ಒಬ್ಬ ಸ್ಟಾರ್ ಬಂದು, ಆಡುವವರಲ್ಲಿ ಬೇಕಾದವರನ್ನು ಆರಿಸಿ ಫೋನಿನಲ್ಲಿ ದುಡ್ಡು ಹಾಕಿ ನಿನ್ನದೇ ಟೀಮ್ ಕಟ್ಟು ಅನ್ನುತ್ತಿದ್ದ. ಕೊನೆಗೆ “ಇದರಲ್ಲಿ ಆರ್ಥಿಕ ಅಪಾಯ ಇದೆ, ಚಟವಾಗಬಹುದು” ಅನ್ನುವುದನ್ನು ಯಕ್ಷಗಾನದ ಚೆಂಡೆಗಿಂತ ಜೋರು ವೇಗದಲ್ಲಿ ಓದಿ ಓಡುತ್ತಿದ್ದ. ಪಕ್ಕದ ಮನೆಯ ಹುಡುಗ ನನ್ನ ಜೊತೆ ಮ್ಯಾಚ್ ನೋಡಲು ಬರುತ್ತಿದ್ದ. ಒಂದು ಸಂಜೆ ನಮ್ಮ ತಂಡದವನು ಕವರ್ಸ್ ಮೇಲೆ ಎಂಥ ಚೆಂದದ ಡ್ರೈವ್ ಹೊಡೆದ ಅಂದರೆ, ನಾನು ಕುರ್ಚಿಯಿಂದ ಎದ್ದೇ ಬಿಟ್ಟೆ. ಹುಡುಗ ಅಯ್ಯೋ ಅಂದ. ಅವನು ಫೋನಿನಲ್ಲಿ ಕಟ್ಟಿದ್ದ ಟೀಮಿನಲ್ಲಿ ಇದ್ದವನು ಆ ಬೌಲರ್ ಅಂತೆ. ಗುಂಡಪ್ಪ ವಿಶ್ವನಾಥರ ಸ್ಕ್ವೇರ್ ಕಟ್ ನೋಡಲು ಕೆಲಸಕ್ಕೆ ಚಕ್ಕರ್ ಹಾಕಿದ ಊರು ಇದು, ಸ್ವಾಮಿ. ನಿಮ್ಮ ವಯಸ್ಸಿನವರಿಗೆ ಇದನ್ನು ನಾನು ಹೇಳಬೇಕೇ?

ಇನ್ನು ನಿಮ್ಮ ನೂರು ರೂಪಾಯಿ ಬಾಜಿ. ಗೆಲ್ಲುವವರು ನೀವೇ ಇರಬಹುದು, ನಮ್ಮ ಓದುಗರು ನನ್ನ ಮಾತು ಕೇಳಿದ್ದು ಯಾವಾಗ? ಆದರೂ ಕಟ್ಟುವುದಿಲ್ಲ. ಚಂದಾ ನೋಡಿಕೊಳ್ಳುವ ಹುಡುಗಿ ರಿಜಿಸ್ಟರ್ ತೆಗೆದು ತೋರಿಸಿದಳು. ನಿಮ್ಮ ಚಂದಾ ಎರಡು ತಿಂಗಳ ಹಿಂದೆಯೇ ಮುಗಿದಿದೆ. ಆ ನೂರನ್ನು ಅದಕ್ಕೆ ಜಮಾ ಮಾಡಿಕೊಳ್ಳುತ್ತೇವೆ, ಬಾಕಿ ಕಳಿಸಿಕೊಡಿ.